ಘಾತಸೂಚಿಗೆ 1 ಕೂಡಿಸುವುದು ಯಾಕೆ?

360ಕ್ಕೆ ಎಷ್ಟು ಭಾಜಕಗಳಿವೆ ಅಂತ ಒಂದೊಂದಾಗಿ ಬರೆಯದೆ ಹೇಳುವುದು ಹೇಗೆ, ಸೂತ್ರದಲ್ಲಿ ಘಾತಸೂಚಿಗೆ (2³ರಲ್ಲಿ ಮೇಲೆ ಬರೆಯುವ 3ರಂಥದ್ದಕ್ಕೆ) 1 ಯಾಕೆ ಕೂಡಿಸಬೇಕು ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಯಾವ ಗೈಡ್ ತೆಗೆದರೂ ಉತ್ತರ ಸಿಗುತ್ತದೆ. ಎರಡನೆಯದನ್ನು ಕೇಳುವವರೇ ಕಡಿಮೆ, ಅದು ಗೊತ್ತಾದರೆ ಸೂತ್ರವನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಸೂತ್ರ ಇಷ್ಟೇ: ಸಂಖ್ಯೆಯನ್ನು ಅವಿಭಾಜ್ಯಗಳಾಗಿ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಗಳಾಗಿ) ಒಡೆದು, ಪ್ರತಿ ಘಾತಸೂಚಿಗೂ 1 ಕೂಡಿಸಿ, ಬಂದದ್ದನ್ನೆಲ್ಲಾ ಗುಣಿಸುವುದು. 360 = 2³ × 3² × 5. ಇದರ ಯಾವ ಭಾಜಕವೇ ಆಗಲಿ, ಇಲ್ಲಿರುವ 2, 3, 5ರಿಂದಲೇ ಆಗಬೇಕು. 7 ಬರುವಂತಿಲ್ಲ, ನಾಲ್ಕನೇ 2 ಕೂಡ ಬರುವಂತಿಲ್ಲ. ಈಗ 40 ನೋಡಿ: ಮೂರು 2, ಒಂದು 5, 3 ಒಂದೂ ಇಲ್ಲ. 18ರಲ್ಲಿ ಒಂದು 2, ಎರಡು 3, ಆದರೆ 5 ಇಲ್ಲ. ಈ ‘ಇಲ್ಲ’ ಕೂಡ ಒಂದು ಆಯ್ಕೆ ಅಲ್ವಾ? ನೀವು ಕೇಳಿದ ಆ 1 ಅದೇ. 2 ಅನ್ನು ಒಂದೂ ತೆಗೆದುಕೊಳ್ಳದೆ ಇರಬಹುದು, ಒಂದು, ಎರಡು ಅಥವಾ ಮೂರು ತೆಗೆದುಕೊಳ್ಳಬಹುದು. ಅಲ್ಲಿಗೆ 4 ದಾರಿ. ಹಾಗೆಯೇ 3ಕ್ಕೆ 3 ದಾರಿ, 5ಕ್ಕೆ 2. ಒಂದರ ಆಯ್ಕೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಅದಕ್ಕೇ ಗುಣಿಸುತ್ತೇವೆ: 4 × 3 × 2 = 24. ಏನೂ ತೆಗೆದುಕೊಳ್ಳದಿದ್ದರೆ 1 ಸಿಗುತ್ತದೆ, ಎಲ್ಲಾ ತೆಗೆದುಕೊಂಡರೆ 360.

ಒಂದೇ ಭಾಜಕ ಎರಡು ಸಲ ಎಣಿಕೆಗೆ ಬರಬಹುದೇ? ಬರುವುದಿಲ್ಲ. ಯಾವ ಸಂಖ್ಯೆಯನ್ನಾದರೂ ಅವಿಭಾಜ್ಯಗಳಾಗಿ ಒಡೆಯಲು ಇರುವುದು ಒಂದೇ ರೀತಿ. ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರೆ, ಸ್ವಲ್ಪ ತಿರುಚಿ ಕೇಳುತ್ತಾರೆ. 360ರ ಸಮ ಭಾಜಕಗಳೆಷ್ಟು? ಕನಿಷ್ಠ ಒಂದು 2 ಇರಲೇಬೇಕು, ಹಾಗಾಗಿ 2ಕ್ಕೆ ಮೂರೇ ದಾರಿ: 3 × 3 × 2 = 18. ಇನ್ನೊಂದು, 12³ಕ್ಕೆ ಭಾಜಕಗಳೆಷ್ಟು ಅಂದರೆ ಸುಮ್ನೆ 3 + 1 = 4 ಅಂತ ಬರೆದುಬಿಡಬೇಡಿ. 12 ಅವಿಭಾಜ್ಯ ಅಲ್ಲ. ಒಡೆದರೆ 2⁶ × 3³ ಆಗುತ್ತದೆ, ಉತ್ತರ 7 × 4 = 28.

ಒಂದು ಸಂಖ್ಯೆಯ ಭಾಜಕಗಳ ಎಣಿಕೆ ಬೆಸ ಬಂದರೆ ಆ ಸಂಖ್ಯೆ ಪೂರ್ಣ ವರ್ಗ. ಎಲ್ಲಾ ಘಾತಸೂಚಿಗಳೂ ಸಮ ಇದ್ದರೆ ಮಾತ್ರ 1 ಕೂಡಿಸಿದಾಗ ಎಲ್ಲವೂ ಬೆಸ ಆಗುತ್ತವೆ. 36 = 2² × 3², ಅದಕ್ಕಿರುವ ಭಾಜಕಗಳು 3 × 3 = 9.

360ನ್ನೇ ಆರಿಸಿದ್ದೀರಿ, ಒಳ್ಳೆಯದಾಯಿತು. ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ 24 ಭಾಜಕಗಳಿಲ್ಲ. ತಮಗಿಂತ ಚಿಕ್ಕ ಎಲ್ಲಾ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವ ಇಂಥ ಸಂಖ್ಯೆಗಳ ಬಗ್ಗೆಯೇ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧ ಬರೆದರು. ಇವುಗಳಲ್ಲಿ 2ರ ಘಾತಸೂಚಿಗಿಂತ 3ರದ್ದು ಜಾಸ್ತಿ ಇರುವುದಿಲ್ಲ, 3ರದ್ದಕ್ಕಿಂತ 5ರದ್ದು ಜಾಸ್ತಿ ಇರುವುದಿಲ್ಲ, ಹೀಗೇ ಮುಂದಕ್ಕೆ. 360ರಲ್ಲಿ ಅವು 3, 2, 1. ಕಾರಣ ಸುಲಭ: ದೊಡ್ಡ ಘಾತಸೂಚಿಯನ್ನು ಚಿಕ್ಕ ಅವಿಭಾಜ್ಯಕ್ಕೆ ಕೊಟ್ಟರೆ ಭಾಜಕಗಳು ಅಷ್ಟೇ ಇರುತ್ತವೆ, ಸಂಖ್ಯೆ ಮಾತ್ರ ಚಿಕ್ಕದಾಗುತ್ತದೆ. 10 ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ ಬೇಕೇ? 10 = 5 × 2, ಅಂದರೆ ಘಾತಸೂಚಿ 4 ಮತ್ತು 1. 2 × 3⁴ ಮಾಡಿದರೆ 162, 2⁴ × 3 ಮಾಡಿದರೆ 48. ಬರೀ 2ರಲ್ಲೇ ಮುಗಿಸಲು ಹೋದರೆ 2⁹, ಅಂದರೆ 512.