ಮರಗಳ ಲೆಕ್ಕ ಪಿಯಾನೋಗೆ ಬಂದದ್ದು ಹೇಗೆ?

ಕಾಡಿನ ಅಂಕಿಅಂಶವನ್ನು ಸಂಗೀತ ಮಾಡುವಾಗ ಯಾವುದಕ್ಕೆ ಯಾವ ಸ್ವರ, ಯಾವ ವಾದ್ಯ ಅಂತ ಮನುಷ್ಯರೇ ಆರಿಸುತ್ತಾರಲ್ಲ, ಮತ್ತೆ ಇದರಲ್ಲಿ ವಿಜ್ಞಾನ ಎಲ್ಲಿದೆ ಅಂತ ಕೇಳಿದ್ದೀರಿ. ಹೌದು, ಆರಿಸುತ್ತಾರೆ. ಆದರೆ ಒಮ್ಮೆ ನಿಯಮ ಮಾಡಿದ ಮೇಲೆ, ಇಲ್ಲಿ ಚೆನ್ನಾಗಿ ಕೇಳಲ್ಲ ಅಂತ ಸ್ವರ ಬದಲಾಯಿಸುವ ಹಾಗಿಲ್ಲ.

ಅಲಾಸ್ಕಾದಲ್ಲಿ ಹಳದಿ ಸೀಡರ್ ಅನ್ನುವ ಮರದ ಕಾಡನ್ನೇ ನೋಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಸಂಶೋಧಕಿ ಲಾರೆನ್ ಓಕ್ಸ್ ಅಲ್ಲಿನ ಮರಗಳನ್ನು ಒಂದೊಂದಾಗಿ ಅಳೆದರು, ಆ ಪಟ್ಟಿಯನ್ನು ಅಲ್ಲಿನದೇ ಇನ್ನೊಬ್ಬ ಸಂಶೋಧಕ ನಿಕ್ ಸಾವೆ ಸಂಗೀತ ಮಾಡಿದರು. ಒಂದು ಮರಕ್ಕೆ ಒಂದು ಸ್ವರ. ಹಳದಿ ಸೀಡರ್‌ಗೆ ಪಿಯಾನೋ, ಅದೇ ಕಾಡಿನ ಇನ್ನೊಂದು ಮರ ಹೆಮ್ಲಾಕ್‌ಗೆ ಫ್ಲೂಟ್. ಸತ್ತ ಸೀಡರ್ ಇರುವ ಕಡೆ ಸ್ವರವೇ ಇಲ್ಲ. ಉತ್ತರದಿಂದ ದಕ್ಷಿಣಕ್ಕೆ ಬರುತ್ತಾ ಪಿಯಾನೋ ವಿರಳವಾಗಿ ಫ್ಲೂಟ್ ಜಾಸ್ತಿಯಾಗುತ್ತದೆ, ಯಾಕೆಂದರೆ ಬಿಸಿ ಏರಿ ಹಿಮ ಕಡಿಮೆ ಬೀಳುವ ಕಡೆ ಬೇರಿಗೆ ಹಿಮದ ಹೊದಿಕೆಯೇ ಇಲ್ಲದೆ ಚಳಿಗಾಲದ ಕೊನೆಯ ಕೊರೆಯುವ ಚಳಿಗೆ ಸೀಡರ್ ಸಾಯುತ್ತದೆ. ಬಿಸಿ ಹೆಚ್ಚಾಗಿ ಚಳಿಗೆ ಸಾಯುವುದು, ವಿಚಿತ್ರ ಅಲ್ವಾ!

ರಾಗ ಅಂತ ಕೇಳಿದರೆ ಸುಮಾರಾಗಿದೆ, ಸುಳ್ಳು ಹೇಳಲ್ಲ. ಮೊದಲ ಸಲ ಪಿಯಾನೋ ಒಂದನ್ನೇ ಗಮನಿಸಿ, ಉಳಿದದ್ದು ಆಮೇಲೆ ಕೇಳಿದರಾಯ್ತು.