ಮೂಗಿನ ತುದಿಯ ಕೋಪ, ನಿಧಾನದ ಮೈದುನ

ಪ್ರಶ್ನೆ: ಮಂಡಿಪೇಟೆಯಲ್ಲಿ ನಮ್ಮದು ಕಿರಾಣಿ ಸಗಟು ಅಂಗಡಿ. ಯಜಮಾನರಿಗೆ ಕೋಪ ಮೂಗಿನ ತುದಿಯಲ್ಲೇ. ಮೈದುನನೋ, ಚೀಟಿ ಮೂರು ಸಲ ಓದದೆ ಮೂಟೆ ಬಿಚ್ಚುವವನಲ್ಲ. ದಿನಾ ಜಗಳ. ಮೊಬೈಲ್‌ನಲ್ಲಿ ಮಾಡಿದ ಸ್ವಭಾವ ಪರೀಕ್ಷೆಯಲ್ಲಿ ಇವರು ‘ಕೋಲೆರಿಕ್’, ಅವನು ‘ಫ್ಲೆಗ್ಮ್ಯಾಟಿಕ್’ ಎಂದು ಬಂತು. ನಂಬಬಹುದೇ? ಸ್ವಭಾವ ತಿದ್ದಲು ಆಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತಗಳ ಏರುಪೇರಿನಿಂದ ಸ್ವಭಾವ ಹುಟ್ಟುತ್ತದೆ ಎಂದು ಪ್ರಾಚೀನ ಗ್ರೀಕ್ ವೈದ್ಯರು ತಿಳಿದಿದ್ದರು. ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಕೋಲೆರಿಕ್, ಫ್ಲೆಗ್ಮ್ಯಾಟಿಕ್ ಎಂಬಂಥ ಹೆಸರುಗಳು ಮಾತ್ರ ಉಳಿದವು. 20ನೇ ಶತಮಾನದಲ್ಲಿ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ ಇವನ್ನು ಎರಡು ಅಳತೆಗಳಿಗೆ ಹೊಂದಿಸಿದರು: ಮನುಷ್ಯ ಎಷ್ಟು ಬಹಿರ್ಮುಖಿ, ಅವನ ಮನಸ್ಸು ಎಷ್ಟು ಬೇಗ ಕದಡುತ್ತದೆ. ಬಹಿರ್ಮುಖಿಯಾಗಿದ್ದು ಬೇಗ ಕದಡುವವರು ಕೋಲೆರಿಕ್, ಅಂತರ್ಮುಖಿಯಾಗಿದ್ದು ಸುಲಭಕ್ಕೆ ಕದಡದವರು ಫ್ಲೆಗ್ಮ್ಯಾಟಿಕ್. ಬಹುತೇಕರು ಈ ಅಳತೆಗಳ ನಡುವೆ ಎಲ್ಲೋ ಇರುತ್ತಾರೆ. ಹಾಗಾಗಿ ಅದೇ ಪರೀಕ್ಷೆ ಮುಂದಿನ ತಿಂಗಳು ಬೇರೆ ಹೆಸರು ಕೊಟ್ಟರೂ ಆಶ್ಚರ್ಯವಿಲ್ಲ. ಆಯುರ್ವೇದದ ವಾತ, ಪಿತ್ತ, ಕಫ ಬೇರೆಯೇ ಲೆಕ್ಕ. ಮೊಬೈಲ್ ಫಲಿತಾಂಶ ನೋಡಿ ಪಥ್ಯ ಹಿಡಿಯಬೇಡಿ.

ಮೂಲ ಸ್ವಭಾವ ಬೇಗ ಬದಲಾಗದು. ಆದರೆ ಅದು ಕೆರಳುವ ಹೊತ್ತನ್ನು ಹಿಡಿಯಬಹುದು. ಒಂದು ವಾರ ಯಜಮಾನರೇ ಬರೆದಿಡಲಿ: ಕೋಪ ಬಂದ ಗಂಟೆ, ಅದಕ್ಕೆ ಮುಂಚೆ ನಡೆದದ್ದು, ಕೊನೆಯ ಊಟ ಯಾವಾಗ, ರಾತ್ರಿ ನಿದ್ದೆ ಎಷ್ಟು, ಕೋಪಕ್ಕೆ 10ರಲ್ಲಿ ಎಷ್ಟು ಅಂಕ. ಊಟ ತಪ್ಪಿದ ಮಧ್ಯಾಹ್ನಗಳಲ್ಲೇ ಹೆಚ್ಚು ಎಂದು ಕಂಡರೆ ಮೊದಲ ಮದ್ದು ಊಟ.

ಉಸಿರಾಟದ ಅಭ್ಯಾಸವೂ ಬೇಕು: 4 ಎಣಿಸುವಷ್ಟು ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ, 5 ನಿಮಿಷ. ಉಸಿರು ನಿಧಾನವಾಗಿ ಬಿಟ್ಟಾಗ ಎದೆಬಡಿತ ಇಳಿಯುತ್ತದೆ. ಹಲವರಿಗೆ ಇದು ಫಲಿಸದಿರುವುದು ಕೋಪ 8 ಮುಟ್ಟಿದ ಮೇಲೆ ಶುರುಮಾಡುವುದರಿಂದ. ದವಡೆ ಬಿಗಿಯುವಾಗ, ದನಿ ಏರುವಾಗ, ಅಂದರೆ 3-4ರಲ್ಲೇ ಶುರುವಾಗಬೇಕು. ಅದು ತಪ್ಪಿದರೆ ‘ಇಪ್ಪತ್ತು ನಿಮಿಷ ಬಿಟ್ಟು ಬರ್ತೀನಿ’ ಎಂದು ಹೇಳಿ ಹೊರಗೆ ನಡೆಯಲಿ. ಹೇಳದೆ ಎದ್ದು ಹೋದರೆ ಅದೇ ಇನ್ನೊಂದು ಜಗಳ. ನಡೆಯುತ್ತ ಜಗಳವನ್ನೇ ಮೆಲುಕು ಹಾಕಿದರೆ ಸಿಟ್ಟು ಆರುವುದಿಲ್ಲ. ದಿಂಬಿಗೆ ಗುದ್ದುವ ಸಲಹೆಯನ್ನಂತೂ ಮರೆತುಬಿಡಿ, ಅದು ಕೋಪವನ್ನು ಇನ್ನಷ್ಟು ಬೆಳೆಸುತ್ತದೆ.

ಮೈದುನನಲ್ಲಿ ತಿದ್ದುವಂಥದ್ದು ಹೆಚ್ಚೇನಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸರಕು, ತೂಕ, ಉದ್ದರಿ ಲೆಕ್ಕ ಅವರಿಗಿರಲಿ. ಗಿರಾಕಿ, ವಸೂಲಿ ಅಣ್ಣನಿಗೆ. ‘ಬೇಗ ಮಾಡು’ ಎನ್ನುವ ಬದಲು ‘ನಾಲ್ಕು ಗಂಟೆಯೊಳಗೆ ಈ ಹತ್ತು ಚೀಟಿ’ ಎನ್ನಲಿ.

ಶಾಂತವಾಗಿದ್ದವರಿಗೆ ಈಚೆಗಷ್ಟೇ ಕೋಪ ಶುರುವಾಗಿದ್ದರೆ ಥೈರಾಯ್ಡ್, ಸಕ್ಕರೆ, ಕುಡಿತ, ಖಿನ್ನತೆ ಎಲ್ಲವನ್ನೂ ವೈದ್ಯರು ನೋಡಬೇಕು. ಕೈ ಎತ್ತುತ್ತಿದ್ದರೆ ಅದಕ್ಕೆ ಸ್ವಭಾವದ ಹೆಸರು ಕೊಡಬೇಡಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಪ್ರಶ್ನೆ: ನಾಲ್ಕು ವರ್ಷದ ಮಗಳು ನೆಂಟರು ಬಂದರೆ ಸೆರಗು ಬಿಡುವುದಿಲ್ಲ. ಜೂನ್‌ನಲ್ಲಿ ಶಾಲೆ. ಏನು ಮಾಡಲಿ?
– ಓದುಗರು, ಚಿತ್ರದುರ್ಗ

ಉತ್ತರ: 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಮಕ್ಕಳ ಸ್ವಭಾವದ ಅಧ್ಯಯನ ಶುರುಮಾಡಿದ ಮನೋವೈದ್ಯ ದಂಪತಿ ಥಾಮಸ್ ಮತ್ತು ಚೆಸ್, ಸುಮಾರು 15% ಮಕ್ಕಳು ಹೊಸತಕ್ಕೆ ನಿಧಾನವಾಗಿ ಒಗ್ಗುವವರು ಎಂದು ಗುರುತಿಸಿದರು. ಇದು ಕಾಯಿಲೆಯಲ್ಲ. ಮೇ ತಿಂಗಳಲ್ಲೇ ಎರಡು-ಮೂರು ಸಲ ಖಾಲಿ ಶಾಲೆ ತೋರಿಸಿ. ಸಾಧ್ಯವಾದರೆ ಟೀಚರ್ ಭೇಟಿ ಮಾಡಿಸಿ. ಮೊದಲ ವಾರ ಒಂದು ಗಂಟೆ ಬಿಟ್ಟರೆ ಸಾಕು, ಆಮೇಲೆ ಹೊತ್ತು ಹೆಚ್ಚಿಸಿ. ಕಣ್ಣು ತಪ್ಪಿಸಿ ಓಡಿಬರಬೇಡಿ, ಮರುದಿನ ಅವಳು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾಳೆ. ‘ನಮ್ಮ ಪಾಪು ಬಹಳ ನಾಚಿಕೆ’ ಎಂದು ಅವಳ ಮುಂದೆ ನೆಂಟರಿಗೆ ಹೇಳುವುದನ್ನು ಇವತ್ತೇ ನಿಲ್ಲಿಸಿ.