ರಕ್ತದಲ್ಲಿ ಮೂಳೆಯ ಭವಿಷ್ಯ ಹುಡುಕಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಹೋದ ವರ್ಷ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಅಜ್ಜಿಗೂ ಬೆನ್ನು ಬಾಗಿತ್ತು. ಒಂದು ಕಂಪನಿಯವರು ರಕ್ತದ ಎಪಿಜೆನೆಟಿಕ್ ಟೆಸ್ಟ್ ಮಾಡಿ, ಕೆಟ್ಟ ಜೀನ್ ‘ಆಫ್’ ಮಾಡುವ ಪುಡಿ ಕೊಡುತ್ತಾರಂತೆ. ಮಾಡಿಸಲಾ?

ಬೇಡ. ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಜೀನ್ ಬದಲಾಗದೆಯೂ ಅದರ ಕೆಲಸ ಹೆಚ್ಚು ಕಡಿಮೆ ಆಗುವುದು ನಿಜ, ಎಪಿಜೆನೆಟಿಕ್ ಅನ್ನುವುದು ಇದನ್ನೇ. ಮೂಳೆಯೊಳಗಿನ ಆಸ್ಟಿಯೊಸೈಟ್ ಕೋಶಗಳು ಸ್ಕ್ಲೆರೋಸ್ಟಿನ್ ಅನ್ನುವ ಪ್ರೋಟೀನ್ ತಯಾರಿಸುತ್ತವೆ. ಹೊಸ ಮೂಳೆ ಕಟ್ಟದಂತೆ ತಡೆಯುವುದು ಅದರ ಕೆಲಸ. ಅದನ್ನು ತಯಾರಿಸುವ ಜೀನ್ ಮೇಲೆ ಮೀಥೈಲ್ ಗುರುತು (ಜೀನ್‌ಗೆ ಅಂಟುವ ಪುಟ್ಟ ರಾಸಾಯನಿಕ ಚೀಟಿ) ಎಷ್ಟಿದೆ ಅನ್ನುವುದರ ಮೇಲೆ ಪ್ರೋಟೀನ್ ಪ್ರಮಾಣವೂ ಬದಲಾಗುತ್ತದೆ. ಆದರೆ ಈ ಗುರುತು ಇರುವುದು ಮೂಳೆಯ ಕೋಶದಲ್ಲಿ. ಅವರು ನೋಡುವುದು ರಕ್ತದ ಬಿಳಿಕೋಶ. ಪಕ್ಕದ ಮನೆಯ ಮೀಟರ್ ನೋಡಿ ನಿಮ್ಮ ಕರೆಂಟ್ ಬಿಲ್ ಬರೆದ ಹಾಗೆ! 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾವಿರಾರು ಜನರ ರಕ್ತದಲ್ಲಿ ಮೂಳೆ ಸಾಂದ್ರತೆಗೆ ನಂಟಿರುವ ಇಂಥ ಗುರುತು ಹುಡುಕಿತು. ಹೆಂಗಸರಲ್ಲಿ ಒಂದು ಸಿಕ್ಕಿತು. ಬೇರೆ ಗುಂಪಿನಲ್ಲಿ ಮತ್ತೆ ನೋಡಿದಾಗ ಅದೂ ನಿಲ್ಲಲಿಲ್ಲ.

ಇನ್ನು ಪುಡಿ. ಸ್ಕ್ಲೆರೋಸ್ಟಿನ್ ತಡೆಯುವ ನಿಜವಾದ ಔಷಧಿ ರೊಮೊಸೊಜುಮಾಬ್. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಅದೂ ಇಂಜೆಕ್ಷನ್, ಅದೂ ಜೀನ್ ಮುಟ್ಟುವುದಿಲ್ಲ, ಪ್ರೋಟೀನನ್ನು ಹಿಡಿಯುತ್ತದೆ ಅಷ್ಟೇ. ಹೆಸರಿಲ್ಲದ ಪುಡಿ ತಿಂದು ಎರಡೇ ದಿನಕ್ಕೆ ನೋವು ಮಾಯವಾದರೆ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡ್. ತಿಂಗಳುಗಟ್ಟಲೆ ತಿಂದರೆ ಅದೇ ಮೂಳೆ ತೆಳುವಾಗಿಸುತ್ತದೆ, ತೊಡೆಮೂಳೆಯ ತಲೆಯನ್ನೇ ಸಾಯಿಸಬಹುದು.

ಮನೆತನದ ಪಾತ್ರ ದೊಡ್ಡದೇ. ಮೂಳೆ ಸಾಂದ್ರತೆಯ ವ್ಯತ್ಯಾಸದಲ್ಲಿ ಶೇ 50ರಿಂದ 80ರಷ್ಟು ವಂಶವಾಹಿಯದು ಅಂತ ಅವಳಿಗಳ ಅಧ್ಯಯನಗಳು ಹೇಳುತ್ತವೆ. ಆದರೂ ನಿಮಗೆ ಮುಟ್ಟು ಸರಿಯಾಗಿದ್ದು, ಸ್ಟೀರಾಯ್ಡ್ ಮಾತ್ರೆ ತಿನ್ನದೆ, ಸಣ್ಣ ಪೆಟ್ಟಿಗೆ ಮೂಳೆ ಮುರಿಯದೆ ಇದ್ದರೆ ನಾನು ಈಗಲೇ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕೂಡ ಬರೆಯುವುದಿಲ್ಲ. ಮುಟ್ಟು ನಿಂತ ಮೇಲೆ ಮಾಡಿಸಿ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಅಷ್ಟುದ್ದದ ಪತ್ರದಲ್ಲಿ ಅಮ್ಮನಿಗೆ ಆಪರೇಷನ್ ಆದ ಮೇಲೆ ಮೂಳೆ ಸವೆತಕ್ಕೆ ಔಷಧಿ ಶುರುವಾಯಿತಾ ಅನ್ನುವ ಮಾತೇ ಇಲ್ಲ. ರಾಡ್ ಹಾಕಿ ಮನೆಗೆ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಒಮ್ಮೆ ಮುರಿದವರಿಗೆ ಇನ್ನೊಮ್ಮೆ ಮುರಿಯುವ ಅಪಾಯ ಜಾಸ್ತಿ. ಟೆಸ್ಟಿಗೆ ಇಟ್ಟ ದುಡ್ಡಲ್ಲಿ ಈ ವಾರವೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ಗರ್ಭಿಣಿ. ಮಗುವಿನ ಮೂಳೆಯ ಜೀನ್ ಚೆನ್ನಾಗಲಿ ಅಂತ 60,000 ಯೂನಿಟ್ ವಿಟಮಿನ್ ಡಿ ದಿನಾ ತೆಗೆದುಕೊಳ್ಳಲಾ?

ಖಂಡಿತ ಬೇಡ, ಅದು ವಿಷವಾಗುವ ಪ್ರಮಾಣ. ಇಂಗ್ಲೆಂಡಿನ ಸೌತಾಂಪ್ಟನ್ ತಂಡದ ಪ್ರಯೋಗದಲ್ಲಿ ಕೊಟ್ಟಿದ್ದು ದಿನಕ್ಕೆ 1,000 ಯೂನಿಟ್. ಹೊಕ್ಕುಳಬಳ್ಳಿಯ ಮೀಥೈಲ್ ಗುರುತು ಬದಲಾಯಿತು, ನಿಜ. ಆದರೆ ಹುಟ್ಟಿದಾಗ ಮೂಳೆಯಲ್ಲಿ ಲಾಭ ಕಂಡಿದ್ದು ಚಳಿಗಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಮಾತ್ರ.

ಪ್ರಶ್ನೆ: ಕಾಲು ಸೂಪ್ ಕುಡಿದರೆ ಜೀನ್ ಸರಿಹೋಗುತ್ತಾ?

ಇಲ್ಲ. ರುಚಿಗೆ ಕುಡಿಯಿರಿ.

ಪ್ರಶ್ನೆ: ಫಿಟ್ಸ್‌ಗೆ ವರ್ಷಗಳಿಂದ ವಾಲ್ಪ್ರೊಯೇಟ್ ಮಾತ್ರೆ. ಮೂಳೆಗೆ ಕೆಟ್ಟದ್ದಂತೆ, ನಿಲ್ಲಿಸಲಾ?

ಸುಮ್ನೆ ನಿಲ್ಲಿಸಬೇಡಿ! ಬಹಳ ವರ್ಷ ತಿಂದವರಲ್ಲಿ ಮೂಳೆ ತೆಳುವಾಗುವುದುಂಟು. ಆದರೆ ಫಿಟ್ಸ್ ಬಂದು ಬಿದ್ದರೂ ಮೂಳೆ ಮುರಿಯುತ್ತದೆ ಅಲ್ವಾ? ನರರೋಗ ತಜ್ಞರನ್ನು ಕೇಳಿ ಡೆಕ್ಸಾ ಮಾಡಿಸಿ.